ವಿಂಡೋಸ್ 7ಕ್ಕೆ ಸಾಫ್ಟ್‌ವೇರ್ ಕೊಡೋದು ನಿಲ್ಲಿಸಬೇಕಾ? ನಿಲ್ಲಿಸೋದಾದರೆ ಹೇಗೆ?

ಲೆಕ್ಕದಪುಸ್ತಕ — ಪ್ರಶ್ನೆ

ನಮ್ಮದು ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್. ಬಳಸುವವರು ಗೊಬ್ಬರ-ಬೀಜದ ಡೀಲರ್‌ಗಳು, ಹಾರ್ಡ್‌ವೇರ್ ಅಂಗಡಿಯವರು, ಕೆಲವು ಸಹಕಾರ ಸಂಘಗಳು. ಸಿ ಶಾರ್ಪ್ ಭಾಷೆ, ಮೈಕ್ರೋಸಾಫ್ಟಿನ ವಿನ್‌ಫಾರ್ಮ್ಸ್, ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಸಲಕರಣೆಗಳಲ್ಲಿ ಬರೆದದ್ದು. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2014 ಎಕ್ಸ್‌ಪ್ರೆಸ್. ಇ-ಇನ್‌ವಾಯ್ಸ್ (ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲು) ಎಪಿಐ ಮೂಲಕ, ಅಂದರೆ ಆಚೆ ಸರ್ವರ್‌ಗೆ ನೇರ ಕೊಂಡಿಯಿಂದ, ಪ್ರೋಗ್ರಾಮಿನಿಂದಲೇ ಹೋಗುತ್ತದೆ.

ಗ್ರಾಹಕರಲ್ಲಿ ಕೆಲವರು ಇನ್ನೂ ವಿಂಡೋಸ್ 7ರಲ್ಲೇ ಇದ್ದಾರೆ, ಅದರಲ್ಲೂ ಬಹಳಷ್ಟು 32 ಬಿಟ್. ಈಗ ಟೀಮಿನಲ್ಲಿ ಎರಡು ಪಂಗಡ. ಒಂದು ಪಂಗಡ ಹೇಳುವುದು: ಮೈಕ್ರೋಸಾಫ್ಟೇ 2020ರ ಜನವರಿ 14ಕ್ಕೆ ಕೈಬಿಟ್ಟಿತು, ದುಡ್ಡು ಕೊಟ್ಟವರಿಗೆ ಕೊಡುತ್ತಿದ್ದ ಪ್ಯಾಚ್ ಕೂಡ 2023ರ ಜನವರಿ 10ಕ್ಕೆ ಮುಗಿಯಿತು, ನಮಗ್ಯಾಕೆ ಈ ಹೊರೆ? ಇನ್ನೊಂದು ಪಂಗಡ: ವರ್ಷಾವರ್ಷ ಎಎಂಸಿ (ನಿರ್ವಹಣೆ ಶುಲ್ಕ) ಕಟ್ಟುವ ಗ್ರಾಹಕನಿಗೆ ‘ಕಂಪ್ಯೂಟರ್ ಬದಲಾಯಿಸಿ’ ಎಂದು ಹೇಳುವ ಹಕ್ಕು ನಮಗಿಲ್ಲ.

ನಿಲ್ಲಿಸುವುದು ನ್ಯಾಯವೇ? ನಿಲ್ಲಿಸದಿದ್ದರೆ ತಾಂತ್ರಿಕವಾಗಿ ಯಾವುದು ಮೊದಲು ಕೈಕೊಡುತ್ತದೆ? ವಿಂಡೋಸ್ 10 ಕೂಡ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇದೇ ಪ್ರಶ್ನೆ ಇನ್ನೆರಡು ವರ್ಷದಲ್ಲಿ ಮತ್ತೆ ಬರುತ್ತದೆ, ಹಾಗಾಗಿ ಒಂದು ನಿಯಮವನ್ನೇ ಮಾಡಿಟ್ಟುಕೊಳ್ಳೋಣ ಅಂತ ಕೇಳುತ್ತಿದ್ದೇನೆ.

---

ಟೂಲ್‌ಚೈನ್

ಹೊಸ ಸೌಲಭ್ಯ ಕೊಡುವುದು, ದೋಷ ಸರಿಪಡಿಸುವುದು, ಫೋನ್ ಎತ್ತುವುದು, ಓಡುತ್ತಿರುವ ಪ್ರೋಗ್ರಾಮನ್ನು ಓಡಲು ಬಿಡುವುದು. ಈ ನಾಲ್ಕನ್ನೂ ಒಂದೇ ದಿನ ನಿಲ್ಲಿಸಬೇಕು ಎಂದುಕೊಂಡಿರುವುದರಿಂದಲೇ ನಿಮ್ಮಲ್ಲಿ ಎರಡು ಪಂಗಡ ಆಗಿರುವುದು. ಮೊದಲನೆಯದನ್ನು ಇವತ್ತೇ ನಿಲ್ಲಿಸಿ. ಎರಡನೆಯದಕ್ಕೂ ಮೂರನೆಯದಕ್ಕೂ ತಾರೀಖು ಕೊಡಿ. ನಾಲ್ಕನೆಯದಕ್ಕೆ ಮಾತ್ರ ಕೈ ಹಾಕಬೇಡಿ.

ಇನ್ನು ಯಾವುದು ಮೊದಲು ಕೈಕೊಡುತ್ತದೆ ಅನ್ನುವುದು. ಸಾಮಾನ್ಯವಾಗಿ ನಮ್ಮ ಕೋಡ್ ಅಲ್ಲ, ನಾವು ನೆಚ್ಚಿಕೊಂಡಿರುವ ಸಲಕರಣೆಗಳು. ಪೈಥಾನ್ ಬಳಸುವವರಿಗೆ ವಿಂಡೋಸ್ 7ರಲ್ಲಿ 3.8 ಕೊನೆ. ಗೋ ಭಾಷೆಗೆ 1.20 ಕೊನೆ. ಡೆಸ್ಕ್‌ಟಾಪ್ ಪ್ರೋಗ್ರಾಂ ಕಟ್ಟುವ ಎಲೆಕ್ಟ್ರಾನ್‌ಗೆ 22 ಕೊನೆ. ರಸ್ಟ್ ಭಾಷೆಯ 1.78ರಿಂದ ಮಾಮೂಲಿ ಬಿಲ್ಡ್‌ಗೆ ವಿಂಡೋಸ್ 10 ಬೇಕು. ಪರದೆಗಳನ್ನು ಕಟ್ಟುವ ಕ್ಯೂಟಿ 6 ಕೂಡ ಹಾಗೆಯೇ, 5.15ರಲ್ಲೇ ನಿಲ್ಲಬೇಕು. ಕ್ರೋಮ್ 109ಕ್ಕೆ ನಿಂತಿತು, ಅದರ ಜೊತೆಗೆ ಪ್ರೋಗ್ರಾಮಿನೊಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ2 ಕೂಡ. ಹೀಗೆ ಒಂದು ಹಳೇ ಆವೃತ್ತಿಗೆ ಗಂಟುಬಿದ್ದರೆ ಅದರೊಳಗಿನ ಲೈಬ್ರರಿಗಳೂ ಹಳೆಯವೇ. ಪೈಥಾನ್ 3.8ರ ಜೊತೆ ಬರುವುದು ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1, ಅದರ ಉಚಿತ ನಿರ್ವಹಣೆ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ. ಅಂದರೆ ವಿಂಡೋಸ್ 7ರ ನಾಲ್ಕು ಗ್ರಾಹಕರಿಗಾಗಿ, ವಿಂಡೋಸ್ 11ರಲ್ಲಿರುವ ಉಳಿದ ಎಲ್ಲರಿಗೂ ಪ್ಯಾಚ್ ಇಲ್ಲದ ಲೈಬ್ರರಿ ಹಂಚಿದ ಹಾಗಾಯಿತು. ಹಳೆಯದಕ್ಕೆ ಬೆಂಬಲ ಕೊಡುವುದರ ನಿಜವಾದ ಖರ್ಚು ಇದು. ಟೆಸ್ಟಿಂಗ್ ಖರ್ಚು ಇದರ ಮುಂದೆ ಏನೂ ಅಲ್ಲ.

ನಿಮ್ಮ ಅದೃಷ್ಟಕ್ಕೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ವಿಂಡೋಸ್ 7 ಎಸ್‌ಪಿ1ರಿಂದ ವಿಂಡೋಸ್ 11ರವರೆಗೆ ಒಂದೇ ರೀತಿ ಓಡುತ್ತದೆ. ಯಾರೋ ಉತ್ಸಾಹದಲ್ಲಿ 4.8.1ಕ್ಕೆ ಏರಿಸದಂತೆ ನೋಡಿಕೊಳ್ಳಿ, ಅದು ವಿಂಡೋಸ್ 7ರಲ್ಲಿ ಇನ್‌ಸ್ಟಾಲೇ ಆಗುವುದಿಲ್ಲ. ಡಾಟ್‌ನೆಟ್ 8ಕ್ಕೆ ಹೋಗುವ ಯೋಚನೆ ಇದ್ದರೂ ಅಷ್ಟೇ, ಅಲ್ಲಿಗೆ ವಿಂಡೋಸ್ 7ರ ಕಥೆ ಮುಗಿಯಿತು.

ನಿಮಗೆ ಇಕ್ಕಟ್ಟು ಬರುವುದು ಡೇಟಾಬೇಸ್‌ನಲ್ಲಿ. ಎಸ್‌ಕ್ಯೂಎಲ್ ಸರ್ವರ್ 2016ರಿಂದ ಮುಂದಿನವು ವಿಂಡೋಸ್ 7ರಲ್ಲಿ ಹಾಕಲು ಬರುವುದಿಲ್ಲ, 32 ಬಿಟ್‌ನಲ್ಲಂತೂ ಇಲ್ಲವೇ ಇಲ್ಲ. 2014ರ ಬೆಂಬಲ 2024ರ ಜುಲೈ 9ಕ್ಕೆ ಮುಗಿದಿದೆ. ಇದರಲ್ಲಿ ಸಿಕ್ಕಿಬೀಳುವುದು ಹೀಗೆ: ಮುಖ್ಯ ಅಂಗಡಿಯವರು ಹೊಸ ಕಂಪ್ಯೂಟರ್ ತಂದು ಎಸ್‌ಕ್ಯೂಎಲ್ ಸರ್ವರ್ 2019 ಹಾಕಿಸುತ್ತಾರೆ, ಗೋಡೌನ್‌ನಲ್ಲಿ ವಿಂಡೋಸ್ 7, 2014 ಹಾಗೇ ಉಳಿಯುತ್ತದೆ. ಗೋಡೌನ್ ಬ್ಯಾಕಪ್ ಅಂಗಡಿಯಲ್ಲಿ ರಿಸ್ಟೋರ್ ಆಗುತ್ತದೆ, ಅಂಗಡಿ ಬ್ಯಾಕಪ್ ಗೋಡೌನ್‌ನಲ್ಲಿ ಆಗುವುದಿಲ್ಲ. ಹೊಸ ಆವೃತ್ತಿಯ ಬ್ಯಾಕಪ್ ಹಳೆಯದಕ್ಕೆ ಇಳಿಯುವುದಿಲ್ಲ, ಕಂಪ್ಯಾಟಿಬಿಲಿಟಿ ಲೆವೆಲ್ (ಹಳೇ ಆವೃತ್ತಿಯಂತೆ ನಡೆದುಕೊಳ್ಳುವ ಸೆಟ್ಟಿಂಗ್) ಕಡಿಮೆ ಇಟ್ಟಿದ್ದರೂ ಇಳಿಯುವುದಿಲ್ಲ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ‘ಪೆನ್‌ಡ್ರೈವ್‌ಗೆ ಬ್ಯಾಕಪ್, ಬೇರೆ ಕಡೆ ರಿಸ್ಟೋರ್’ ಅನ್ನುವ ಬಟನ್ ಇದ್ದರೆ ಅದೇ ಮೊದಲು ಒಡೆಯುವ ಜಾಗ. ಆ ಬಟನ್‌ಗೆ ಬ್ಯಾಕಪ್ ಫೈಲಿನ ಬದಲು ಸಿಎಸ್‌ವಿ ಅಥವಾ ಎಕ್ಸ್‌ಎಂಎಲ್ ರಫ್ತು ಬರೆದುಬಿಡಿ.

---

ಪ್ಯಾಚ್ ಮಂಗಳವಾರ

ಡೇಟಾಬೇಸ್ ಒಡೆಯುವ ಮೊದಲೇ ನೆಟ್‌ವರ್ಕ್ ಒಡೆಯುತ್ತದೆ. ಇ-ಇನ್‌ವಾಯ್ಸ್ ನೇರವಾಗಿ ಎಪಿಐಗೆ ಹೋಗುತ್ತದೆ ಎಂದಿದ್ದೀರಿ, ಅಲ್ಲಿಗೆ ಬನ್ನಿ.

ಇಂಟರ್‌ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಪ್ರೋಟೋಕಾಲ್ ಟಿಎಲ್‌ಎಸ್. ಅದರ 1.0 ಮತ್ತು 1.1ಅನ್ನು ಬಳಸಬಾರದು ಎಂದು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ವಿಂಡೋಸ್ 7ರಲ್ಲಿ 1.2 ಇದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ರಿಜಿಸ್ಟ್ರಿಯ ಎಸ್‌ಚಾನೆಲ್ (ವಿಂಡೋಸಿನೊಳಗಿನ ಟಿಎಲ್‌ಎಸ್ ಭಾಗ) ಕೆಳಗೆ ಪ್ರೋಟೋಕಾಲ್ಸ್, ಅದರೊಳಗೆ ‘ಟಿಎಲ್‌ಎಸ್ 1.2’, ಅದರೊಳಗೆ ‘ಕ್ಲೈಂಟ್’ ಎಂಬ ಕೀ ಮಾಡಿ, ‘ಎನೇಬಲ್ಡ್’ಗೆ 1, ‘ಡಿಸೇಬಲ್ಡ್ ಬೈ ಡಿಫಾಲ್ಟ್’ಗೆ 0 ಕೊಟ್ಟು ರೀಸ್ಟಾರ್ಟ್ ಮಾಡಬೇಕು. ಇಷ್ಟು ಎಲ್ಲರಿಗೂ ಗೊತ್ತು. ಇಷ್ಟು ಮಾಡಿದ ಮೇಲೂ ‘ಸೆಕ್ಯೂರ್ ಚಾನೆಲ್ ಕ್ರಿಯೇಟ್ ಮಾಡಲಾಗಲಿಲ್ಲ’ ಅನ್ನುವ ಅದೇ ಎರರ್ ಬರುತ್ತದಲ್ಲ, ಅದರ ಕಾರಣ ಬೇರೆ. ವಿಂಡೋಸ್ 7ರ ಎಸ್‌ಚಾನೆಲ್‌ಗೆ ಆರ್‌ಎಸ್‌ಎ ಸರ್ಟಿಫಿಕೇಟ್ ಜೊತೆ ಇಸಿಡಿಎಚ್‌ಇ ಮತ್ತು ಎಇಎಸ್ ಜಿಸಿಎಂ ಸೇರಿದ ಸೈಫರ್ (ಗೂಢಲಿಪಿ ವಿಧಾನ) ಬರುವುದಿಲ್ಲ, ಇಸಿಡಿಎಚ್‌ಇ ಜೊತೆ ಹಳೇ ಸಿಬಿಸಿ ಮಾದರಿ ಮಾತ್ರ. ಆಚೆ ಸರ್ವರ್‌ನವರು ಉಳಿದದ್ದನ್ನೆಲ್ಲ ತೆಗೆದು ಇಸಿಡಿಎಚ್‌ಇ-ಜಿಸಿಎಂ ಸೈಫರ್‌ಗಳನ್ನಷ್ಟೇ ಇಟ್ಟ ದಿನ ನಿಮ್ಮ ಎಲ್ಲ ವಿಂಡೋಸ್ 7 ಗ್ರಾಹಕರ ಇ-ಇನ್‌ವಾಯ್ಸ್ ಒಟ್ಟಿಗೇ ನಿಲ್ಲುತ್ತದೆ. ಅದಕ್ಕೆ ರಿಜಿಸ್ಟ್ರಿಯಲ್ಲಿ ಮದ್ದಿಲ್ಲ, ಪ್ಯಾಚ್ ಬರುವುದೂ ಇಲ್ಲ. ಆ ತಾರೀಖನ್ನು ನೀವು ಗೊತ್ತು ಮಾಡುವುದಲ್ಲ, ಆಚೆಯವರು ಮಾಡುವುದು. ‘ನಾವು ಬೆಂಬಲ ಕೊಡುತ್ತೇವೆ’ ಎಂದು ಮಾತು ಕೊಡುವ ಮೊದಲು ಇದನ್ನು ನೆನಪಿಡಿ. ಕೈಯಲ್ಲಿಲ್ಲದ ಸಂಗತಿಗೆ ಮಾತು ಕೊಟ್ಟಂತೆ.

ಲಿಬ್‌ಕರ್ಲ್ (ನೆಟ್‌ವರ್ಕ್ ಲೈಬ್ರರಿ) ಮತ್ತು ಹೊಸ ಓಪನ್‌ಎಸ್‌ಎಸ್‌ಎಲ್ ಅನ್ನು ಪ್ರೋಗ್ರಾಮಿನ ಜೊತೆಗೇ ಕಟ್ಟಿಕೊಟ್ಟು ವಿಂಡೋಸಿನ ಎಸ್‌ಚಾನೆಲ್ ಬದಿಗಿಡುವ ದಾರಿ ಇದೆ. ಕೆಲಸ ಮಾಡುತ್ತದೆ. ನಾನು ಮಾತ್ರ ಬೇಡ ಅನ್ನುತ್ತೇನೆ. ಪ್ಯಾಚ್ ಇಲ್ಲದ ಮಷೀನನ್ನು ಇಂಟರ್‌ನೆಟ್‌ನಲ್ಲಿ ಇಟ್ಟುಕೊಳ್ಳಲು ನೀವೇ ಕಾರಣ ಕೊಟ್ಟಂತಾಗುತ್ತದೆ.

ನನ್ನ ಸಲಹೆ ಗ್ರಾಹಕರನ್ನು ಎರಡು ಗುಂಪು ಮಾಡಿ ಎಂಬುದು. ಇ-ಇನ್‌ವಾಯ್ಸ್ ಕಡ್ಡಾಯ ಇರುವುದು ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ, 2023ರ ಆಗಸ್ಟ್ 1ರಿಂದ. 5 ಕೋಟಿ ವಹಿವಾಟಿನವರಿಗೆ ಒಂದು ಹೊಸ ಕಂಪ್ಯೂಟರ್ ದೊಡ್ಡ ಮಾತಲ್ಲ, ಅವರಿಗೆ ಖಡಾಖಂಡಿತವಾಗಿ ಹೇಳಿ. ಅದಕ್ಕಿಂತ ಕಡಿಮೆಯವರಿಗೆ ಬಿಲ್ಲಿಂಗ್ ಮಷೀನಿಗೆ ಇಂಟರ್‌ನೆಟ್ಟೇ ಬೇಕಿಲ್ಲ. ಕೇಬಲ್ ಕಿತ್ತುಬಿಡಿ, ವಿಂಡೋಸ್ 7 ಇನ್ನೂ ಐದು ವರ್ಷ ಓಡಲಿ. 5 ಕೋಟಿ ದಾಟಿಯೂ ಹಟ ಹಿಡಿಯುವವರಿಗೆ ಮಧ್ಯದ ದಾರಿ: ಹಳೇ ಮಷೀನ್ ಜೇಸನ್ ಫೈಲ್ ಬರೆಯಲಿ, ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹೊಸ ಮಷೀನಿನ ಬ್ರೌಸರ್‌ನಿಂದ ಪೋರ್ಟಲ್‌ಗೆ ಬಲ್ಕ್ ಅಪ್‌ಲೋಡ್ ಮಾಡಲಿ. ಇಲ್ಲಿ ಎಲ್ಲರೂ ಮರೆಯುವುದು ವಾಪಸ್ ಬರುವ ಕಡತ. ಐಆರ್‌ಎನ್ (ಪೋರ್ಟಲ್ ಕೊಡುವ ಬಿಲ್ಲಿನ ನೋಂದಣಿ ಸಂಖ್ಯೆ) ಮತ್ತು ಸಹಿ ಇರುವ ಕ್ಯೂಆರ್ ಕೋಡ್ ಹಳೇ ಮಷೀನಿಗೆ ಮರಳಿ ಬಂದು ಬಿಲ್ಲಿನ ಮೇಲೆ ಅಚ್ಚಾಗಬೇಕು. ಆ ಆಮದು ಪರದೆ ಬರೆಯದೆ ಬಿಟ್ಟರೆ ಗ್ರಾಹಕ ಕ್ಯೂಆರ್ ಇಲ್ಲದ ಬಿಲ್ಲನ್ನೇ ಲಾರಿ ಜೊತೆ ಕಳಿಸುತ್ತಾನೆ.

ಎಲ್ಲವನ್ನೂ ನಿಮ್ಮ ಸರ್ವರ್ ಮೂಲಕ ಹಾಯಿಸೋಣ ಎಂದು ಯಾರಾದರೂ ಹೇಳಬಹುದು. ಆಗ ಎಲ್ಲ ಗ್ರಾಹಕರ ಬಿಲ್ಲೂ ನಿಮ್ಮ ಕೈಯಲ್ಲಿ. ಏನಾದರೂ ಸೋರಿದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸಣ್ಣ ಟೀಮಿಗೆ ಅದು ಬೇಡದ ತಲೆನೋವು.

---

ಒಗ್ಗರಣೆ

@ಪ್ಯಾಚ್ ಮಂಗಳವಾರ, ಕೇಬಲ್ ಕಿತ್ತರೆ ಮುಗಿಯಿತು ಅನ್ನುವುದನ್ನು ಒಪ್ಪುವುದು ಕಷ್ಟ ಸರ್. ಅಂಗಡಿಗಳಲ್ಲಿ ವೈರಸ್ ಬರುವುದು ಇಂಟರ್‌ನೆಟ್‌ಗಿಂತ ಪೆನ್‌ಡ್ರೈವ್‌ನಿಂದಲೇ ಜಾಸ್ತಿ. ನೀವೇ ಪೆನ್‌ಡ್ರೈವ್‌ನಲ್ಲಿ ಜೇಸನ್ ಒಯ್ಯಲು ಹೇಳಿದಿರಿ.

ಮತ್ತೆ ಈ ‘ಹಳೇ ವಿಂಡೋಸ್ ಇದ್ದರೆ ವಾನಾಕ್ರೈ ಬರುತ್ತೆ’ ಅನ್ನೋ ಮಾತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಆ ವೈರಸ್ 2017ರ ಮೇ 12ಕ್ಕೆ ಹರಡಿತು. ಅದಕ್ಕೆ ಬೇಕಿದ್ದ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹೊಡೆತ ತಿಂದ ಮಷೀನುಗಳಲ್ಲಿ ಬಹುಪಾಲು ವಿಂಡೋಸ್ 7, ಅಂದರೆ ಆಗ ಇನ್ನೂ ಸುರಕ್ಷತಾ ಪ್ಯಾಚ್ ಸಿಗುತ್ತಿದ್ದ ಓಎಸ್. ಎಕ್ಸ್‌ಪಿ ಅಲ್ಲ. ಪ್ಯಾಚ್ ಕೊಡುವುದು ಒಂದು, ಅದು ಮಷೀನಿಗೆ ಇಳಿಯುವುದು ಇನ್ನೊಂದು.

---

ಪ್ಯಾಚ್ ಮಂಗಳವಾರ

ಪೆನ್‌ಡ್ರೈವ್ ವಿಷಯ ಸರಿ. ಆಟೋರನ್ ಆಫ್ ಮಾಡಿ, ಬಿಲ್ಲಿಂಗ್ ಮಾಡುವ ಲಾಗಿನ್‌ಗೆ ಅಡ್ಮಿನ್ ಅಧಿಕಾರ ತೆಗೆಯಿರಿ, ಆ ಪೆನ್‌ಡ್ರೈವ್ ಬೇರೆ ಯಾವುದಕ್ಕೂ ಬಳಸದಂತೆ ಅದರ ಮೇಲೆ ಬಣ್ಣದ ಟೇಪ್ ಸುತ್ತಿ. ನಗಬೇಡಿ, ಟೇಪ್ ಕೆಲಸ ಮಾಡುತ್ತದೆ.

ವಾನಾಕ್ರೈ ಬಗ್ಗೆ ನೀವು ಹೇಳಿದ್ದೂ ನಿಜ. ಆದರೆ ಅದರಿಂದ ಬೇರೆ ಪಾಠವಿದೆ. ಅದು ಹರಡಿದ್ದು ಎಸ್‌ಎಂಬಿ 1 ಮೂಲಕ, ಅಂದರೆ ಫೋಲ್ಡರ್ ಹಂಚುವ ಹಳೇ ವಿಧಾನ. ಒಂದು ಎಕ್ಸ್‌ಪಿ ಮಷೀನ್ ಉಳಿಸಿಕೊಂಡರೆ ಅದರ ಫೋಲ್ಡರ್ ತೆರೆಯಲು ಪಕ್ಕದ ವಿಂಡೋಸ್ 10ರಲ್ಲೂ ಎಸ್‌ಎಂಬಿ 1 ಚಾಲೂ ಮಾಡುತ್ತಾರೆ. ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನು ಹೊಸ ಇನ್‌ಸ್ಟಾಲ್‌ನಲ್ಲಿ ಕೊಡುವುದನ್ನೇ ನಿಲ್ಲಿಸಿದ್ದಾರೆ, ‘ಟರ್ನ್ ವಿಂಡೋಸ್ ಫೀಚರ್ಸ್’ ಪಟ್ಟಿಗೆ ಹೋಗಿ ಮತ್ತೆ ಟಿಕ್ ಹಾಕುತ್ತಾರೆ. ಹೀಗೆ ಒಂದು ಹಳೇ ಮಷೀನ್ ಇಡೀ ಅಂಗಡಿಯ ಬೀಗವನ್ನೇ ತೆಗೆಸುತ್ತದೆ. ವಿಂಡೋಸ್ 7ಕ್ಕೆ ಎಸ್‌ಎಂಬಿ 2.1 ಇದೆ, ಅದಕ್ಕೆ ಎಸ್‌ಎಂಬಿ 1 ಬೇಕಿಲ್ಲ. ಹಾಗಾಗಿ ವಿಂಡೋಸ್ 7 ಉಳಿಸಿಕೊಳ್ಳುವುದು ಬೇರೆ, ಎಕ್ಸ್‌ಪಿ ಉಳಿಸಿಕೊಳ್ಳುವುದು ಬೇರೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ತೆರೆ ಬಿದ್ದಿದೆ, ಎಸ್‌ಚಾನೆಲ್ ಕೂಡ ಟಿಎಲ್‌ಎಸ್ 1.0ರ ಮೇಲೆ ಹೋಗುವುದಿಲ್ಲ. ಅದಕ್ಕೆ ಚರ್ಚೆಯೇ ಬೇಡ, ನಿಲ್ಲಿಸಿ.

---

ಡಾಟ್‌ಮ್ಯಾಟ್ರಿಕ್ಸ್ ಧಾರವಾಡ

ಎಲ್ಲಾರೂ ಸೆಕ್ಯೂರಿಟಿ ಬಗ್ಗೆ ಹೇಳಿದ್ರಿ, ಪ್ರಿಂಟರ್ ಸುದ್ದಿ ಯಾರೂ ಎತ್ತಲಿಲ್ಲ ನೋಡ್ರಿ. ಅಂಗಡಿಯವರು ವಿಂಡೋಸ್ 7 ಬಿಡಲಾರದ್ದಕ್ಕ ಅರ್ಧ ಕಾರಣ ಪ್ರಿಂಟರ್. ಪ್ಯಾರಲಲ್ ಪೋರ್ಟಿನ ಹಳೇ ಡಾಟ್ ಮ್ಯಾಟ್ರಿಕ್ಸ್, ಎರಡು ಕಾಪಿ ಕಾರ್ಬನ್ ಪೇಪರ್, ಇನ್ನೂ ಗಟ್ಟಿಮುಟ್ಟ ಐತಿ. ಹೊಸಾ ಬೋರ್ಡಿನಾಗ ಆ ಪೋರ್ಟ್ ಇಲ್ಲ. ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ತಂದು ಹಚ್ಚತಾರ, ಆಮ್ಯಾಲೆ ಪ್ರಿಂಟ್ ಬರಂಗಿಲ್ಲ ಅಂತ ಫೋನ್ ಮಾಡತಾರ. ಆ ಕೇಬಲ್ ಯುಎಸ್‌ಬಿ001 ಅನ್ನೋ ಪೋರ್ಟ್ ಕೊಡತೈತಿ, ಎಲ್‌ಪಿಟಿ1 ಕೊಡಂಗಿಲ್ಲ. ಪ್ರೋಗ್ರಾಂ ನೇರ ಎಲ್‌ಪಿಟಿ1ಕ್ಕ ಬರೀತಿದ್ರ ಅದಕ್ಕ ಏನೂ ಸಿಗಂಗಿಲ್ಲ.

ದಾರಿ ಎರಡು ಅದಾವ್ರಿ. ಪ್ರಿಂಟರ್ ಶೇರ್ ಮಾಡಿ, ‘ನೆಟ್ ಯೂಸ್’ ಕಮಾಂಡಿನಿಂದ ಎಲ್‌ಪಿಟಿ1 ಹೆಸರನ್ನ ಆ ಶೇರಿಗೆ ಕಟ್ಟೋದು, ಕೊನೀಗೆ ಪರ್ಸಿಸ್ಟೆಂಟ್ ಯೆಸ್ ಅಂತ ಹಾಕೋದು ಮರೀಬ್ಯಾಡ್ರಿ, ಇಲ್ಲಾಂದ್ರ ರೀಸ್ಟಾರ್ಟ್ ಆದ ಮ್ಯಾಲೆ ಹೋಗತೈತಿ. ಇಲ್ಲಾ ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್ ಹಾಕೋದು. ಡ್ರೈವರ್ ಸಿಗಲಿಲ್ಲಂದ್ರ ವಿಂಡೋಸಿನ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಸಾಕು, ಇಂಗ್ಲಿಷ್ ಬಿಲ್ಲಿಗೆ. ಕನ್ನಡ ಬಿಲ್ಲು ಇದ್ರ ಅದು ನಡ್ಯಂಗಿಲ್ಲ, ಗ್ರಾಫಿಕ್ಸ್ ಆಗಿ ಹೋಗಬೇಕು, ನಿಧಾನ ಆಗತೈತಿ.

ಇನ್ನೊಂದು. ವಿಂಡೋಸ್ 10 ಮಷೀನಿಗೆ ಹಚ್ಚಿದ ಪ್ರಿಂಟರನ್ನ ವಿಂಡೋಸ್ 7ರಿಂದ ಬಳಸೋಕೆ ಹೋದ್ರ ಕೊನೀಗೆ 11ಬಿ ಅಂತ ಎರರ್ ಬರತೈತಿ. 2021ರ ಸೆಪ್ಟೆಂಬರ್ ಅಪ್‌ಡೇಟ್ ಆದ ಮ್ಯಾಲೆ ಬಂದದ್ದು. ಯೂಟ್ಯೂಬ್ ನೋಡಿ ಎಲ್ಲಾರೂ ರಿಜಿಸ್ಟ್ರಿಯಾಗ ‘ಆರ್‌ಪಿಸಿ ಆಥನ್ ಲೆವೆಲ್ ಪ್ರೈವಸಿ ಎನೇಬಲ್ಡ್’ 0 ಮಾಡತಾರ. ಪ್ರಿಂಟ್ ಬರತೈತಿ ಖರೆ, ಆದ್ರ ಯಾವ ತೂತು ಮುಚ್ಚಲಿಕ್ಕೆ ಅಪ್‌ಡೇಟ್ ಬಂದಿತ್ತೋ ಆ ತೂತು ಮತ್ತ ತಗದಂಗ. ಅದರ ಬದಲಿ ವಿಂಡೋಸ್ 7ರಾಗ ‘ಆಡ್ ಲೋಕಲ್ ಪ್ರಿಂಟರ್’, ಹೊಸಾ ಲೋಕಲ್ ಪೋರ್ಟ್, ಪೋರ್ಟಿನ ಹೆಸರಿನ ಜಾಗದಾಗ ಶೇರಿನ ಪೂರ್ತಿ ವಿಳಾಸ ಬರದು, ಡ್ರೈವರ್ ಅಲ್ಲೇ ಹಾಕ್ರಿ. ಎರರ್ ಬರಂಗಿಲ್ಲ.

ಇದನ್ನ ಯಾಕ ಹೇಳೀನಂದ್ರ, ‘ಕಂಪ್ಯೂಟರ್ ಬದಲಾಯಿಸ್ರಿ’ ಅಂತ ಪತ್ರ ಬರದು ಕೈ ತೊಳಕೊಂಡ್ರ ಆಗಂಗಿಲ್ಲ. ಬದಲಾಯಿಸಿದ ದಿನ ಪ್ರಿಂಟರ್ ಹಚ್ಚಿಕೊಡೋ ಮನಿಷ್ಯಾ ಬೇಕು.

---

ಒಗ್ಗರಣೆ

ಇದು ಸರಿಯಾದ ಮಾತು. ಕಂಪನಿಗಳು ‘ಬೆಂಬಲ ಕೊನೆ’ ಎಂದು ಪ್ರಕಟಿಸುವಾಗ ತಮ್ಮ ಖರ್ಚನ್ನಷ್ಟೇ ಲೆಕ್ಕ ಹಾಕುತ್ತವೆ, ಆಚೆ ಕಡೆಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಮೂಲ ಪ್ರಶ್ನೆಗೆ: ಹೊಸ ಕಂಪ್ಯೂಟರೇ ಬೇಕೆಂದೇನೂ ಇಲ್ಲ. ಇಂಟೆಲ್ 3-4ನೇ ತಲೆಮಾರಿನ ಐ3 ಇದ್ದರೆ 256 ಜಿಬಿ ಸಾಟಾ ಎಸ್‌ಎಸ್‌ಡಿ, ಒಟ್ಟು 8 ಜಿಬಿ ರ‍್ಯಾಮ್ ಹಾಕಿ 64 ಬಿಟ್ ವಿಂಡೋಸ್ 10 22ಎಚ್2 ಹಾಕಬಹುದು. ವಿಂಡೋಸ್ 7ರ ಕೀ ಕೊಟ್ಟು ಬಿಟ್ಟಿಯಾಗಿ 10 ಪಡೆಯುವ ದಾರಿ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದೆ, ಹಾಗಾಗಿ ಲೈಸೆನ್ಸ್ ಖರ್ಚು ಸೇರಿಸಿ ಲೆಕ್ಕ ಹಾಕಿ. ಅದಕ್ಕೂ ಪ್ಯಾಚ್ ಬೇಕಲ್ಲ: ಮನೆ ಬಳಕೆಯವರಿಗೆ ಇಎಸ್‌ಯು (ಅವಧಿ ಮುಗಿದ ಮೇಲೂ ಕೊಡುವ ಸುರಕ್ಷತಾ ಪ್ಯಾಚ್) 2026ರ ಅಕ್ಟೋಬರ್ 13ರವರೆಗೆ, 30 ಡಾಲರ್ ಅಥವಾ ಸೆಟ್ಟಿಂಗ್ಸ್ ಬ್ಯಾಕಪ್ ಸಿಂಕ್ ಮಾಡಿದರೆ ಪುಕ್ಕಟೆ. ಡೊಮೇನ್‌ಗೆ (ಸಂಸ್ಥೆಯ ಕೇಂದ್ರೀಯ ಲಾಗಿನ್ ವ್ಯವಸ್ಥೆಗೆ) ಸೇರಿದ ಮಷೀನಿಗೆ ಅದು ಸಿಗುವುದಿಲ್ಲ. ಸಂಸ್ಥೆಗಳಿಗೆ ಮೊದಲ ವರ್ಷ ಮಷೀನಿಗೆ 61 ಡಾಲರ್, ಎರಡನೇ ವರ್ಷ ದುಪ್ಪಟ್ಟು, ಮೂರನೇ ವರ್ಷ ಅದರ ದುಪ್ಪಟ್ಟು. ಎರಡನೇ ವರ್ಷ ಬಂದು ಸೇರಿದರೂ ಮೊದಲ ವರ್ಷದ್ದೂ ಕಟ್ಟಬೇಕು. ಮೂರೂ ವರ್ಷ ಕಟ್ಟಿದರೆ 427 ಡಾಲರ್, ಆ ದುಡ್ಡಿಗೆ ಹೊಸ ಮಷೀನೇ ಬರುತ್ತದೆ. ಆದ್ದರಿಂದ ವಿಂಡೋಸ್ 10 ಅನ್ನೋದು ಒಂದು ವರ್ಷದ ತಂಗುದಾಣ, ಊರಲ್ಲ.

ವಿಂಡೋಸ್ 11ನ್ನು ಟಿಪಿಎಂ (ಅದು ಕೇಳುವ ಭದ್ರತಾ ಚಿಪ್) ತಪಾಸಣೆ ತಪ್ಪಿಸಿ ಹಳೇ ಮಷೀನಿಗೆ ಹಾಕುವವರಿದ್ದಾರೆ. ನಿಮ್ಮ ಕಂಪನಿ ಹೆಸರಲ್ಲಿ ಅದನ್ನು ಮಾಡಿಕೊಡಬೇಡಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ. 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಸೂಚನೆಗಳು ಇಲ್ಲದ ಪ್ರೊಸೆಸರ್‌ನಲ್ಲಿ ಬೂಟ್ ಕೂಡ ಆಗುವುದಿಲ್ಲ, ಕೋರ್ 2 ಡ್ಯುಯೊ ಎಲ್ಲ ಅಲ್ಲಿಗೆ ಹೊರಗೆ.

ನಿಯಮ ಕೇಳಿದಿರಿ, ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಓಎಸ್ ತಯಾರಕರು ಸಾಮಾನ್ಯರಿಗೆ ಕೊಡುವ ಪ್ಯಾಚ್ ನಿಂತ ದಿನದಿಂದ 24 ತಿಂಗಳು ನಾವು ದೋಷ ಸರಿಪಡಿಸುತ್ತೇವೆ, ಹೊಸ ಸೌಲಭ್ಯ ಇಲ್ಲ. ಮುಗಿಯುವ ತಾರೀಖನ್ನು 12 ತಿಂಗಳು ಮೊದಲೇ ಬಿಲ್ಲಿಂಗ್ ಪರದೆಯ ಮೇಲೆ ಕನ್ನಡದಲ್ಲಿ ತೋರಿಸುತ್ತೇವೆ, ಇಮೇಲ್ ಕಳಿಸಿ ಸುಮ್ಮನಾಗುವುದಿಲ್ಲ. ಯಾಕೆಂದರೆ ಅಂಗಡಿಯವರು ಇಮೇಲ್ ಓದುವುದಿಲ್ಲ, ಎಎಂಸಿ ಕಟ್ಟಿದ ಇಮೇಲ್ ವಿಳಾಸ ಅವರ ಆಡಿಟರ್‌ದು. ಕೊನೆಯ ಆವೃತ್ತಿಯ ಇನ್‌ಸ್ಟಾಲರ್ ನಮ್ಮ ಸೈಟಿನಲ್ಲಿ ಶಾಶ್ವತವಾಗಿ ಇರುತ್ತದೆ. ಅದರ ಲೈಸೆನ್ಸ್ ತಪಾಸಣೆಗೆ ನಮ್ಮ ಸರ್ವರ್ ಬೇಕಾಗುವುದಿಲ್ಲ. ಈ ಕೊನೆಯ ವಾಕ್ಯ ಬಹಳ ಮುಖ್ಯ. ಆಕ್ಟಿವೇಶನ್ ಸರ್ವರ್ ಟಿಎಲ್‌ಎಸ್ ಬದಲಾಯಿಸಿದ ದಿನ, ನಿಲ್ಲಿಸುವ ಉದ್ದೇಶವೇ ಇಲ್ಲದೆ ಪ್ರೋಗ್ರಾಂ ನಿಂತುಹೋಗುತ್ತದೆ.

ಇನ್ನು ಡೇಟಾ. ನಮ್ಮಲ್ಲಿ ಡಿಟಿಪಿಯವರ ಪಾಡು ನೋಡಿ. ಪೇಜ್‌ಮೇಕರ್ 7ರಲ್ಲಿ ನುಡಿ, ಶ್ರೀಲಿಪಿ ಫಾಂಟ್ ಹಾಕಿ ಮಾಡಿಟ್ಟ ಪುಸ್ತಕಗಳ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6ರವರೆಗೆ ತೆರೆಯಬಹುದಿತ್ತು, ಆಮೇಲಿನ ಸಿಸಿ ಆವೃತ್ತಿಗಳಲ್ಲಿ ಆ ಪರಿವರ್ತಕವೇ ಇಲ್ಲ. ತೆರೆದ ಮೇಲೂ ಅಕ್ಷರಗಳು ಯೂನಿಕೋಡ್ ಅಲ್ಲ, ಅದು ಎರಡನೇ ಗಂಟು. ಅದಕ್ಕೇ ಇವತ್ತಿಗೂ ಪ್ರೆಸ್ಸಿನ ಮೂಲೆಯಲ್ಲಿ ಎಕ್ಸ್‌ಪಿ ಮಷೀನ್ ಕೂತಿರುತ್ತದೆ. ಅಂಥವರು ಆ ಡಬ್ಬವನ್ನೇ ನಂಬಿ ಕೂರುವುದಕ್ಕಿಂತ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಎಕ್ಸ್‌ಪಿ ಹಾಕಿ, ನೆಟ್‌ವರ್ಕ್ ಅಡಾಪ್ಟರ್ ತೆಗೆದು, ಶೇರ್ಡ್ ಫೋಲ್ಡರ್ ಒಂದೇ ಬಿಟ್ಟು, ಸ್ನ್ಯಾಪ್‌ಶಾಟ್ ತೆಗೆದಿಡುವುದು ವಾಸಿ. ಲೈಸೆನ್ಸಿನ ಯುಎಸ್‌ಬಿ ಡಾಂಗಲ್ ಇದ್ದರೆ ಅದನ್ನು ಒಳಗಿನ ಮಷೀನಿಗೆ ದಾಟಿಸಬಹುದು. ಪ್ಯಾರಲಲ್ ಪೋರ್ಟ್ ಡಾಂಗಲ್ ಆದರೆ ಹಳೇ ಡಬ್ಬವೇ ಗತಿ.

---

ಟೂಲ್‌ಚೈನ್

@ಒಗ್ಗರಣೆ ಬರೆದ ನಿಯಮಕ್ಕೆ ಒಂದು ಸೇರಿಸಿ: ನಿಲ್ಲಿಸಿದ ಆವೃತ್ತಿಯಲ್ಲಿ ತೆರಿಗೆ ದರ ಕೋಡ್‌ನಲ್ಲಿ ಬರೆದಿರಬಾರದು. 2025ರ ಸೆಪ್ಟೆಂಬರ್ 22ಕ್ಕೆ ಬಹುತೇಕ ಸರಕಿಗೆ ಜಿಎಸ್‌ಟಿಯ 12 ಮತ್ತು 28ರ ಸ್ಲ್ಯಾಬ್ ಹೋಗಿ 5, 18, ಕೆಲವಕ್ಕೆ 40 ಬಂತಲ್ಲ. ಕೆಳಗೆ ಇಳಿಸುವ ಪಟ್ಟಿಯಲ್ಲಿ 40 ಇಲ್ಲದ ಹಳೇ ಪ್ರೋಗ್ರಾಂ ಎಷ್ಟು ಗಟ್ಟಿ ಇದ್ದರೂ ಆ ದಿನಕ್ಕೆ ಕಸ. ದರ, ಜಾರಿಯ ತಾರೀಖು, ಸರಕಿನ ಎಚ್‌ಎಸ್‌ಎನ್ ಕೋಡ್, ಮೂರೂ ಮಾಸ್ಟರ್ ಟೇಬಲ್‌ನಲ್ಲಿ ಇರಲಿ, ಬಳಸುವವರೇ ತಿದ್ದುವಂತಿರಲಿ. ಹಳೇ ಬಿಲ್ಲು ಮತ್ತೆ ತೆರೆದಾಗ ಬಿಲ್ಲಿನ ತಾರೀಖಿನ ದರವೇ ಬರಬೇಕು, ಇವತ್ತಿನದಲ್ಲ. ಸೇಲ್ಸ್ ರಿಟರ್ನ್‌ನಲ್ಲಿ ಇದು ತಪ್ಪುವುದು.

ತಾರೀಖು ಗೊತ್ತುಮಾಡುವ ಮೊದಲು ನಿಜಕ್ಕೂ ಎಷ್ಟು ಜನ ವಿಂಡೋಸ್ 7ರಲ್ಲಿದ್ದಾರೆ ಎಂದು ಸರಿಯಾಗಿ ಎಣಿಸಿ. ಪ್ರೋಗ್ರಾಂ ಯಾವ ವಿಂಡೋಸ್‌ಗೆ ಹೊಂದುತ್ತದೆ ಎಂದು ಹೇಳುವ ಮ್ಯಾನಿಫೆಸ್ಟ್ ಫೈಲಿನಲ್ಲಿ ವಿಂಡೋಸ್ 10ರ ಐಡಿ ಬರೆಯದಿದ್ದರೆ ಡಾಟ್‌ನೆಟ್ ಫ್ರೇಮ್‌ವರ್ಕ್ ಪ್ರೋಗ್ರಾಮಿಗೆ ವಿಂಡೋಸ್ 10 ಕೂಡ 6.2 ಎಂದೇ ಹೇಳುತ್ತದೆ, ಅಂದರೆ ವಿಂಡೋಸ್ 8. ಮ್ಯಾನಿಫೆಸ್ಟ್ ಸರಿ ಇದ್ದರೂ ವಿಂಡೋಸ್ 11 ತನ್ನನ್ನು 10.0 ಅನ್ನುತ್ತದೆ. ಬಿಲ್ಡ್ ಸಂಖ್ಯೆ 22000 ಅಥವಾ ಮೇಲಿದ್ದರೆ ಮಾತ್ರ 11. ವಿಂಡೋಸ್ 7 ಯಾವಾಗಲೂ 6.1, ಅದರಲ್ಲಿ ಗೊಂದಲವಿಲ್ಲ. ಇನ್‌ಸ್ಟಾಲ್ ಎಣಿಸಬೇಡಿ, ಹಿಂದಿನ ಮೂರು ತಿಂಗಳಲ್ಲಿ ಬಿಲ್ ಮಾಡಿದ ಮಷೀನ್ ಎಣಿಸಿ. ಬೀರುವಿನ ಮೇಲೆ ಧೂಳು ತಿನ್ನುವ ಲ್ಯಾಪ್‌ಟಾಪ್‌ಗೆ ಯಾರೂ ಬೆಂಬಲ ಕೇಳುವುದಿಲ್ಲ.

---

ಲೆಕ್ಕದಪುಸ್ತಕ

ಎಲ್ಲರಿಗೂ ಧನ್ಯವಾದ. 5 ಕೋಟಿಯ ಗೆರೆ ಹಾಕಿ ಎರಡು ಗುಂಪು ಮಾಡುವುದು, 4.8ರಲ್ಲೇ ಒಂದು ಕೊನೆಯ ಆವೃತ್ತಿ ನಿಲ್ಲಿಸುವುದು ಎಂದು ಮೊದಲ ಹಂತಕ್ಕೆ ಟೀಮಿಗೆ ಹೇಳುತ್ತೇನೆ. ಹೊಸ ಶಾಖೆ ಎಸ್‌ಕ್ಯೂಎಲ್ ಸರ್ವರ್ 2022ಕ್ಕೆ ಹೋಗಲಿ ಎಂದುಕೊಂಡಿದ್ದೇವೆ. ಒಂದು ಅನುಮಾನ: ವಿಂಡೋಸ್ 7ರ 2014 ಬ್ಯಾಕಪ್ ನೇರವಾಗಿ 2022ಕ್ಕೆ ರಿಸ್ಟೋರ್ ಆಗುತ್ತದೆಯೇ, ಮಧ್ಯದಲ್ಲಿ 2017 ಬೇಕಾ? ಕೆಲವು ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಕ್ಯೂಎಲ್ ಸರ್ವಿಸ್ ಸ್ಟಾರ್ಟೇ ಆಗುತ್ತಿಲ್ಲ ಎಂಬ ದೂರೂ ಇದೆ, ಯಾವ ಆವೃತ್ತಿ ಹಾಕಿದರೂ ಅದೇ.

---

ಟೂಲ್‌ಚೈನ್

ನೇರ ಆಗುತ್ತದೆ, ಮಧ್ಯದ ಮೆಟ್ಟಿಲು ಬೇಡ. ಹಳೇ ಮಷೀನಿನಲ್ಲಿ ಮೊದಲು ಡೇಟಾಬೇಸ್ ತಪಾಸಣೆಯ ಚೆಕ್‌ಡಿಬಿ ಕಮಾಂಡ್ ಓಡಿಸಿ, ಎರರ್ ಇಲ್ಲ ಎಂದ ಮೇಲೆ ಫುಲ್ ಬ್ಯಾಕಪ್ ತೆಗೆಯಿರಿ, ಚೆಕ್‌ಸಮ್ ಆಯ್ಕೆ ಹಾಕಿ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಪುಟಗಳು ಕೆಟ್ಟಿರುವುದು ಈ ಹಂತದಲ್ಲೇ ಗೊತ್ತಾಗುವುದು. ರಿಸ್ಟೋರ್ ಆದ ಮೇಲೆ ಕಂಪ್ಯಾಟಿಬಿಲಿಟಿ ಲೆವೆಲ್ 120ರಲ್ಲೇ (2014ರದ್ದು) ಉಳಿದಿರುತ್ತದೆ, ಅವಸರದಲ್ಲಿ ಏರಿಸಬೇಡಿ, ಮೊದಲು ವರದಿಗಳು ಹಿಂದಿನಷ್ಟೇ ವೇಗದಲ್ಲಿ ಬರುತ್ತವೆಯೇ ನೋಡಿ. ಲಾಗಿನ್‌ಗಳು ಬ್ಯಾಕಪ್ ಜೊತೆ ಬರುವುದಿಲ್ಲ. ಹೊಸದರಲ್ಲಿ ಲಾಗಿನ್ ಒಂದನ್ನು ರಚಿಸಿ, ‘ಆಲ್ಟರ್ ಯೂಸರ್ ವಿತ್ ಲಾಗಿನ್’ ಕೊಟ್ಟು ಒಳಗಿನ ಬಳಕೆದಾರನಿಗೆ ಜೋಡಿಸಿ, ಇಲ್ಲದಿದ್ದರೆ ಪಾಸ್‌ವರ್ಡ್ ಸರಿ ಇದ್ದರೂ ಡೇಟಾಬೇಸ್ ತೆರೆಯುವುದಿಲ್ಲ.

ಸರ್ವಿಸ್ ಸ್ಟಾರ್ಟ್ ಆಗದ್ದು ಡಿಸ್ಕಿನ ಸೆಕ್ಟರ್ ಗಾತ್ರದ ಸಮಸ್ಯೆ. ಕೆಲವು ಎನ್‌ವಿಎಂಇ (ಹೊಸ ವೇಗದ ಎಸ್‌ಎಸ್‌ಡಿ) ಡಿಸ್ಕ್‌ಗಳು 4096 ಬೈಟ್‌ಗಿಂತ ದೊಡ್ಡ ಫಿಸಿಕಲ್ ಸೆಕ್ಟರ್ ಹೇಳುತ್ತವೆ. ವಿಂಡೋಸ್ 10 ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, 11 ಹಾಗೆಯೇ ದಾಟಿಸುತ್ತದೆ, ಎಸ್‌ಕ್ಯೂಎಲ್ ಸರ್ವರ್ ಒಪ್ಪುವುದು 512 ಮತ್ತು 4096 ಮಾತ್ರ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೋ ಸೆಕ್ಟರ್‌ಇನ್ಫೋ’ ಕೊಟ್ಟು ಸಿ ಡ್ರೈವ್ ನೋಡಿ. 8192 ಅಥವಾ 16384 ಕಂಡರೆ ಇದೇ ಕಾರಣ. ರಿಜಿಸ್ಟ್ರಿಯಲ್ಲಿ ಸರ್ವಿಸಸ್ ಕೆಳಗಿನ ‘ಸ್ಟೋರ್‌ಎನ್‌ವಿಎಂಇ’, ಪ್ಯಾರಾಮೀಟರ್ಸ್, ಡಿವೈಸ್ ಕೀಗೆ ಹೋಗಿ ‘ಫೋರ್ಸ್ಡ್ ಫಿಸಿಕಲ್ ಸೆಕ್ಟರ್ ಸೈಜ್ ಇನ್ ಬೈಟ್ಸ್’ ಎಂಬ ಮಲ್ಟಿ-ಸ್ಟ್ರಿಂಗ್ ಮಾಡಿ, ಬೆಲೆ ‘* 4095’ (4096 ಅಲ್ಲ), ನಕ್ಷತ್ರ ಚಿಹ್ನೆ, ಒಂದು ಖಾಲಿ ಜಾಗ, ಆಮೇಲೆ ಸಂಖ್ಯೆ. ಹೆಸರಿನ ಇಂಗ್ಲಿಷ್ ಪದಗಳ ನಡುವೆ ಜಾಗ ಬಿಡಬೇಡಿ. ರೀಸ್ಟಾರ್ಟ್ ಮಾಡಿ, ಅದೇ ಕಮಾಂಡಿನಲ್ಲಿ 4096 ಬಂದಿದೆಯೇ ನೋಡಿ, ಆಮೇಲೆ ಅರ್ಧಂಬರ್ಧ ಕೂತಿರುವ ಎಸ್‌ಕ್ಯೂಎಲ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ನಿಮ್ಮ ಇನ್‌ಸ್ಟಾಲರ್‌ನಲ್ಲೇ ಈ ತಪಾಸಣೆ ಮೊದಲ ಹೆಜ್ಜೆಯಾಗಿ ಸೇರಿಸಿಬಿಟ್ಟರೆ ವಿಂಡೋಸ್ 7ರಿಂದ ಬರುವವರ ಅರ್ಧ ಫೋನ್ ಕರೆಗಳು ಕಡಿಮೆಯಾಗುತ್ತವೆ.